ಸೂಗಮ್ಮನ ಗಂಟು, ಮಾಸ್ತರರ ವ್ಯಾಕರಣ

ಬಸವಕಲ್ಯಾಣದ ಮಹಾರುದ್ರಪ್ಪ ಮಾಸ್ತರರು ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ನಿವೃತ್ತಿ ಸಿಕ್ಕಿದ್ದು ನೌಕರಿಗೆ ಮಾತ್ರ, ತಿದ್ದುವ ಚಟಕ್ಕಲ್ಲ. ಮದುವೆಗೆ ಕರೆಯಲು ಬಂದವರಿಗೂ ಚಹಾ ಕುಡಿಸಿ, ಪತ್ರಿಕೆಯೊಳಗಿನ ಸ್ಪೆಲ್ಲಿಂಗ್ ತಿದ್ದಿಯೇ ಕಳಿಸುತ್ತಿದ್ದರು.

ಹೋದ ವರ್ಷ ಅವರ ಹೆಂಡತಿ ಸೂಗಮ್ಮನ ಕುತ್ತಿಗೆಯಲ್ಲಿ ಎರಡು ಗಂಟು ಕಾಣಿಸಿಕೊಂಡವು. ಒಂದು ಬಾರೆಹಣ್ಣಿನಷ್ಟು, ಇನ್ನೊಂದು ಕಡಲೆಕಾಳಿನಷ್ಟು. ಹುಮನಾಬಾದಿನ ದವಾಖಾನೆಯಲ್ಲಿ ಸೂಜಿ ಚುಚ್ಚಿ ಪರೀಕ್ಷೆಗೆ ಕಳಿಸಿದರು.

ರಿಪೋರ್ಟ್ ಬರುವತನಕ ಮಾಸ್ತರರು ಯಾರನ್ನೂ ತಿದ್ದಲಿಲ್ಲ. ಪಕ್ಕದ ಮನೆಯ ಧನರಾಜ, "ಐ ಆಮ್ ಗೋ ಟು ಬೀದರ್ ಯೆಸ್ಟರ್ಡೇ ಸರ್" ಎಂದಾಗಲೂ ಬರೀ "ಹೂಂ" ಎಂದು ಒಳಗೆ ಹೋದರು. ಗಂಟಿಗೆ ಹೆದರದ ಸೂಗಮ್ಮನಿಗೆ ಆಗ ನಿಜವಾಗಿ ಹೆದರಿಕೆಯಾಯಿತು.

ರಿಪೋರ್ಟ್ ಬಂದ ದಿನ ಇಬ್ಬರೂ ಬಸ್ಸು ಹಿಡಿದು ಹೋದರು. ಡಾಕ್ಟರ್ ಇಶ್ರತ್ ಕಾಗದ ಓದಿ ನಕ್ಕರು.

"ಅಮ್ಮಾ, ಫಿಕರ್ ಮಾಡಬ್ಯಾಡ್ರಿ. ದೊಡ್ಡ ಗಂಟು ಬಿನೈನ್ ಅದ, ಅಂದ್ರ ಅದರಿಂದ ಏನೂ ಅಪಾಯ ಇಲ್ಲ. ಸಣ್ಣದಂತೂ ಇನ್ನೂ ಬಿನೈನರ್!"

ಮಾಸ್ತರರ ಬೆನ್ನು ನೆಟ್ಟಗಾಯಿತು.

"ಮೋರ್ ಬಿನೈನ್, ಮೇಡಂ. ಆ ಶಬ್ದದ ಕಡೀಗೆ 'ಅರ್' ಹಚ್ಚಂಗಿಲ್ರಿ, ಮೊದಲಿಗೆ 'ಮೋರ್' ಹಾಕಬೇಕು. ಹಾರ್ಮ್‌ಲೆಸ್ಸಿಗೂ ಹಂಗ, ಮೋರ್ ಹಾರ್ಮ್‌ಲೆಸ್..."

ಕನ್ನಡಕ ತೆಗೆದು ಧೋತರದ ತುದಿಯಿಂದ ಒರೆಸಿಕೊಳ್ಳತೊಡಗಿದರು. ಒರೆಸಿದ್ದು ಕನ್ನಡಕವನ್ನಲ್ಲ.

"ಮೇಡಂ, ಇವರು ಆರಾಮಾದ್ರು ನೋಡ್ರಿ" ಎಂದಳು ಸೂಗಮ್ಮ. "ಇಷ್ಟು ದಿನ ಯಾರ ತಪ್ಪೂ ಹಿಡಿದಿದ್ದಿಲ್ಲ. ಇವರನ್ನ ಯಾವ ಡಾಕ್ಟರಿಗೆ ತೋರಿಸಬೇಕಂತ ನಾ ಚಿಂತಿ ಮಾಡಾಕತ್ತಿದ್ದೆ."

ಡಾಕ್ಟರಿಗೂ ಹುರುಪು ಬಂತು. "ಹಂಗಾದ್ರ ಸಣ್ಣ ಗಂಟಿಗೆ ಮೋಸ್ಟ್ ಬಿನೈನ್ ಅನ್ನಲೇನ್ರಿ ಸರ್?"

"ಎರಡೇ ಇದ್ದಾಗ ಮೋಸ್ಟ್ ಬರಂಗಿಲ್ರಿ. ಮೂರನೇದು ಒಂದು ಇದ್ದಿದ್ರ..."

"ಮೂರನೇದು ಬ್ಯಾಡ್ರಿ!" ಸೂಗಮ್ಮ ಕುತ್ತಿಗೆಗೆ ಕೈ ಹಚ್ಚಿದಳು. "ನಿಮ್ಮ ವ್ಯಾಕರಣಕ್ಕ ನನ್ನ ಕುತ್ತಿಗಿ ಸಾಲಂಗಿಲ್ಲ."

ಗಂಟು ತೆಗೆಯುವುದು ಬೇಡ, ಆಗಾಗ ಬಂದು ತೋರಿಸಿದರೆ ಸಾಕು ಎಂದು ಹೇಳಿ ಡಾಕ್ಟರ್ ಕಳಿಸಿದರು.

ಬಸ್ ನಿಲ್ದಾಣದಲ್ಲಿ ಮಾಸ್ತರರು ಹೆಂಡತಿಗೆ ಬಿಸಿ ಮಿರ್ಚಿ ಭಜಿ ಕೊಡಿಸಿದರು. ತಾವು ಮುಟ್ಟಲಿಲ್ಲ, ಪಕ್ಕದಲ್ಲಿ ಕೂತು ಅವಳ ಕುತ್ತಿಗೆಯನ್ನೇ ನೋಡುತ್ತಿದ್ದರು.

"ಹಂಗ ನೋಡಬ್ಯಾಡ್ರಿ, ಮಂದಿ ನಗ್ತಾರ" ಎಂದಳು ಸೂಗಮ್ಮ. ಆದರೂ ಸೆರಗು ಮಾತ್ರ ಎಳೆದುಕೊಳ್ಳಲಿಲ್ಲ.