ದರ್ಜಿ ಅತ್ತೆಯ ಚಿಂದಿ ಮೂಟೆಗಳು

ನಮ್ಮ ದರ್ಜಿ ಅತ್ತೆ ಅಂಗೈಯಗಲದ ಚಿಂದಿಯನ್ನೂ ಎಸೆದವಳಲ್ಲ. "ತೇಪೆಗೆ ಬೇಕಾಗುತ್ತೆ" ಎನ್ನುತ್ತ ಮೂಟೆ ಕಟ್ಟಿ ಅಂಗಡಿಯ ಗೋಡೆಗೆ ಒಟ್ಟುತ್ತಿದ್ದಳು. ತೇಪೆ ಹಾಕಿಸಲು ಈಗ ಯಾರು ಬರುತ್ತಾರೆ! ಈಚೆಗೆ ಸೂಜಿಗೆ ದಾರ ಪೋಣಿಸಲಾಗದೆ, ಕಣ್ಣಿಗೆ ಪೊರೆ ಬಂತೆಂದು ಅಳುಮೋರೆ ಹಾಕಿದಳು. ಹೊಸ ದೀಪ ಕೊಂಡಳು, ಕನ್ನಡಕ ಬದಲಿಸಿದಳು. ಊಹೂಂ!

ಮೊನ್ನೆ ಮೂಟೆಯೊಳಗಿನ ಇಲಿಯೊಂದು ಅವಳ ಮಡಿಲಿಗೇ ಹಾರಿತು. ರೇಗಿಹೋದ ಅತ್ತೆ ಅಷ್ಟೂ ಮೂಟೆಗಳನ್ನು ಹಾಸಿಗೆ ಹೊಲಿಯುವವನ ಗಾಡಿಗೆ ಹೇರಿಸಿದಳು. ಕೊನೆಯ ಮೂಟೆ ಸರಿದದ್ದೇ ತಡ, ಅದರ ಹಿಂದೆ ಮರೆತೇಹೋಗಿದ್ದ ಕಿಟಕಿಯಿಂದ ಬಿಸಿಲು ನುಗ್ಗಿತು! ಅತ್ತೆ ಹಳೆಯ ಕನ್ನಡಕವನ್ನೇ ಮೂಗಿಗೇರಿಸಿ ದಾರ ಹಿಡಿದಳು. ಒಂದೇ ಸಲಕ್ಕೆ ಸೂಜಿಗಣ್ಣು ಹೊಕ್ಕಿತು!

"ಲೇ, ಬಾರೇ ಇಲ್ಲಿ!" ಎಂದು ಕುಣಿದಾಡುತ್ತ ನನ್ನನ್ನು ಕೂಗಿದಳು. "ಪೊರೆ ಬಂದಿದ್ದು ನನ್ನ ಕಣ್ಣಿಗಲ್ಲ ಕಣೇ, ಕಿಟಕಿಗೆ!"