ಭಾವನ ಬಾಟಲಿ, ಅಪ್ಪನ ಲೋಟ

ವಿಸ್ಕಿ ಕುಡಿಯುವವರನ್ನು ನಾನು ಸಹಿಸಿಕೊಳ್ಳಬಲ್ಲೆ. ಅದರ ಮೇಲೆ ಪ್ರವಚನ ಮಾಡುವವರನ್ನು ಸಹಿಸುವುದು ಮಾತ್ರ ನನ್ನ ಕೈಲಿ ಆಗುವುದಿಲ್ಲ. ನಮ್ಮ ಅಕ್ಕನ ಗಂಡ ಈ ಎರಡನೆಯ ಜಾತಿ. ರಸ್ತೆ ಕಾಮಗಾರಿಯ ಗುತ್ತಿಗೆಯಲ್ಲಿ ನಾಲ್ಕು ಕಾಸು ಕಂಡು ಶ್ರೀರಂಗಪಟ್ಟಣದಲ್ಲಿ ಮನೆ ಕಟ್ಟಿಸಿದರು. ಆ ಮನೆಯ ಹಜಾರದಲ್ಲಿ ಒಂದು ಗಾಜಿನ ಕಪಾಟಿದೆ. ದೇವರ ಪಟಗಳಿಗೆ ಒಂದು ಝೀರೋ ಬಲ್ಬು, ಬಾಟಲಿಗಳಿಗೆ ಸಾಲು ದೀಪ.

ಆ ಕಪಾಟಿನ ಪಟ್ಟದ ದೇವರು ಅಮೆರಿಕದ ಒಂದು ಬರ್ಬನ್ ವಿಸ್ಕಿ. ನಾವು ಹಸುಗಳಿಗೆ ಕತ್ತರಿಸಿ ಹಾಕುವ ಮುಸುಕಿನ ಜೋಳದಿಂದ ಮಾಡಿದ್ದು. ಒಳಮೈ ಸುಟ್ಟ ಮರದ ಪೀಪಾಯಿಯಲ್ಲಿ ಇಪ್ಪತ್ತಕ್ಕೂ ಹೆಚ್ಚು ವರ್ಷ ಇಟ್ಟಿದ್ದರಂತೆ. ಪಕ್ಕದಲ್ಲಿ ಅದರದೇ ಒಂದು ಮರಿ ಬಾಟಲಿ, ಕೆಮ್ಮಿನ ಔಷಧದ ಸೀಸೆಯಷ್ಟು, ರುಚಿ ನೋಡುವುದಕ್ಕೆಂದು ಜೊತೆಗೇ ಬಂದಿತ್ತು. ಅಪ್ಪ ಗಟ್ಟಿಯಾಗಿ ಓಡಾಡಿಕೊಂಡಿದ್ದಾಗ ಒಮ್ಮೆ ಅಲ್ಲಿಗೆ ಹೋಗಿ, ಒಂದು ಗುಟುಕು ಕೊಡಿ, ಹೇಗಿದೆ ನೋಡೋಣ ಎಂದು ಕೇಳಿದ. ಅದಕ್ಕೆಲ್ಲ ಒಂದು ಸಂದರ್ಭ ಬೇಕು ಮಾವ ಎಂದು ಭಾವ ನಕ್ಕು, ಕಾಫಿ ಕೊಡಿಸಿ ಕಳಿಸಿದರು. ಅಪ್ಪ ಊರಿಗೆ ಬಂದು ಹೇಳಿದ್ದು ಇಷ್ಟೇ: "ಅಳಿಯಂದ್ರು ಬಾಟ್ಲಿಗೆ ಮುಹೂರ್ತ ನೋಡ್ತಾವ್ರೆ ಕಣ್ಲಾ."

ಮುಹೂರ್ತ ಬರುವಷ್ಟರಲ್ಲಿ ಅಪ್ಪನಿಗೆ ಲಿವರು ಕೆಟ್ಟಿತು. ಡಾಕ್ಟರು ಒಂದು ತೊಟ್ಟೂ ಕೂಡದು ಎಂದರು. ಅವ್ವ ಮನೆಯಲ್ಲಿದ್ದ ವಿಸ್ಕಿ ಪ್ಯಾಕೆಟ್ಟುಗಳನ್ನೆಲ್ಲ ತಿಪ್ಪೆಗೆ ಸುರಿದಳು. ಅಪ್ಪ ಕೊನೆಯ ದಿನಗಳಲ್ಲಿ ಅವ್ವನ ಜೊತೆ ಮಾತು ಬಿಟ್ಟ, ಹಾಗೇ ಹೋಗಿಬಿಟ್ಟ. ಹೋದ ವರ್ಷ, ತೀರಿಕೊಂಡ ಹಿರಿಯರಿಗೆ ಉಣಬಡಿಸುವ ಮಾರ್ನಮಿ ಅಮಾವಾಸ್ಯೆಗೆ ಅವನ ಹೆಸರಿನಲ್ಲಿ ಮೊದಲ ಎಡೆ. ಅವ್ವನಿಗೆ ಒಂದೇ ಚಿಂತೆ. ಮುನಿಸಿಕೊಂಡು ಹೋದ ಮನುಷ್ಯ ಎಡೆಗೆ ಬರುತ್ತಾನೋ ಇಲ್ಲವೋ. ಬಂದಿದ್ದರೆ ಎಡೆಗಿಟ್ಟ ಲೋಟದಲ್ಲಿ ಒಂದಿಷ್ಟಾದರೂ ಇಳಿದಿರುತ್ತದೆ ಎಂಬುದು ಅವಳ ನಂಬಿಕೆ. ಹಬ್ಬಕ್ಕೆ ವಾರ ಇರುವಾಗಲೇ ಇದನ್ನು ನನ್ನ ಹತ್ತಿರ ಬಾಯಿ ಬಿಟ್ಟು ಹೇಳಿದಳು.

ಹಬ್ಬದ ಹಿಂದಿನ ಸಂಜೆ ಭಾವ ಅಕ್ಕನ ಜೊತೆ ಕಿಕ್ಕೇರಿ ಹತ್ತಿರದ ನಮ್ಮೂರಿಗೆ ಕಾರಿನಲ್ಲಿ ಬಂದಿಳಿದರು. ಕಂಕುಳಲ್ಲಿ ಆ ಬಾಟಲಿ. ಸಂದರ್ಭ ಸಿಕ್ಕಿತ್ತು! ಮಾವನ ಎಡೆಗೆ ಇದೇ ಇಡಬೇಕು, ಊರಲ್ಲಿ ಯಾರೂ ಇಂಥದ್ದು ಇಟ್ಟಿರಬಾರದು ಎಂದರು. ಎಡೆಗೆ ಇಡುವುದು ಮೀಸಲು, ಅದಕ್ಕೆ ಮೊದಲು ಯಾರ ಬಾಯಿಯೂ ಸೋಕಬಾರದು. ಆ ದಿನ ಅವ್ವ ಸಾರಿನ ಉಪ್ಪನ್ನು ಕೂಡ ನಾಲಿಗೆಗೆ ಹಾಕಿ ನೋಡುವುದಿಲ್ಲ, ವರ್ಷಕ್ಕೊಂದು ದಿನ ನಮ್ಮ ಮನೆಯ ಸಾರು ಸಪ್ಪೆ. ಭಾವನಿಗೂ ಇದು ಗೊತ್ತು. ದೊಡ್ಡ ಬಾಟಲಿಯ ಸೀಲು ಮುಟ್ಟದೆ, ಮರಿ ಬಾಟಲಿ ಹಿಡಿದುಕೊಂಡು ಜಗಲಿಯಲ್ಲಿ ಕುಳಿತು ನನ್ನನ್ನು ಕರೆದರು.

ನಾನು ಪಾಂಡವಪುರದಲ್ಲಿ ಬೆಲ್ಲದ ವ್ಯಾಪಾರದವನು. ಅಚ್ಚು ಮುರಿದು, ಮೂಸಿ, ನಾಲಿಗೆಗೆ ಹಚ್ಚಿ ಬೆಲೆ ಕಟ್ಟುವುದೇ ನನ್ನ ಕಸುಬು. ಅದಕ್ಕೆ ನನ್ನ ಬಾಯಿಂದ ಒಂದು ಸರ್ಟಿಫಿಕೇಟು ಬೇಕಾಗಿತ್ತು ಅವರಿಗೆ. ಟವೆಲಿನಲ್ಲಿ ಸುತ್ತಿ ತಂದಿದ್ದ ಕಾಲಿರುವ ಎರಡು ಗಾಜಿನ ಲೋಟ ತೆಗೆದರು. ಗಿಣಿಗೆ ಹಾಕಿದಷ್ಟು ಸುರಿದರು. ಲೋಟ ತಿರುಗಿಸಿದರು, ಓರೆ ಮಾಡಿದರು, ಅದು ಗಾಜಿನ ಮೇಲೆ ಇಳಿಯುವುದನ್ನು ನೋಡಿ ತಲೆದೂಗಿದರು, ಆಮೇಲೆ ಮೂಗನ್ನು ಒಳಗೆ ಇಳಿಬಿಟ್ಟು ಕಣ್ಣು ಮುಚ್ಚಿದರು. ವೆನಿಲಾ ಅಂದರು. ಚರ್ಮ ಅಂದರು, ಹಳೆ ಪುಸ್ತಕ ಅಂದರು. ನಾನು ಕಂಡಂತೆ ಅವರು ಕೈಯಲ್ಲಿ ಹಿಡಿದ ಪುಸ್ತಕ ಬ್ಯಾಂಕಿನ ಪಾಸ್‌ಬುಕ್ ಒಂದೇ. ಹೊಗೆಸೊಪ್ಪು, ಚೆರ್ರಿ ಹಣ್ಣು ಅಂತಲೂ ಸೇರಿಸಿದರು. ಎಲ್ಲ ಮೊಬೈಲಿನಲ್ಲಿ ಯಾರೋ ಹೇಳಿದ್ದನ್ನು ಕಂಠಪಾಠ ಮಾಡಿಕೊಂಡಿದ್ದು.

ನಾನೂ ಮೂಸಿದೆ. ಸುಳ್ಳು ಯಾಕೆ ಹೇಳಲಿ, ಆ ವಾಸನೆ ಚೆನ್ನಾಗಿತ್ತು. ಆಲೆಮನೆಯಲ್ಲಿ ಪಾಕ ಗಟ್ಟಿಯಾಗುತ್ತ ಬರುವಾಗ ಬರುವ ಘಮಲು. ಬಾಯಿಗೆ ಹಾಕಿದೆ. ಮೊದಲು ಸಿಹಿ, ಅದರ ಬೆನ್ನಿಗೇ ತಳ ಹತ್ತಿದ ಪಾಕದ ಕಹಿ, ಆಮೇಲೆ ಬರೀ ಮರ. ಮುದ್ದೆ ಕೂಡುವ ಕೋಲನ್ನು ಕಚ್ಚಿಕೊಂಡ ಹಾಗೆ. ಜೋಳ ಎಲ್ಲಿ ಹೋಯಿತು ಎಂದು ಹುಡುಕಿದೆ, ಪೀಪಾಯಿ ಅದನ್ನು ಪೂರಾ ನುಂಗಿ ಕೂತಿತ್ತು. ಕೊನೆಗೆ ಎಳೆ ಅಡಿಕೆ ಅಗಿದಂತೆ ನಾಲಿಗೆಯೆಲ್ಲ ಒಗರು.

ಇದನ್ನು ಹತ್ತು ವರ್ಷ ಮೊದಲೇ ಪೀಪಾಯಿಯಿಂದ ಇಳಿಸಬೇಕಿತ್ತು ಎಂದೆ. ಪಾಕವನ್ನು ಒಲೆಯ ಮೇಲೆ ಮರೆತವನು ಬೆಲ್ಲಕ್ಕೆ ವಯಸ್ಸಾಗಿದೆ ಎಂದು ಜಾಸ್ತಿ ರೇಟು ಕೇಳುವುದಿಲ್ಲ ಎಂದೂ ಸೇರಿಸಿದೆ. ಭಾವನ ಮುಖ ಊದಿಕೊಂಡಿತು. ನಿನಗೆ ನಾಲಿಗೆ ಪಳಗಿಲ್ಲ ಎಂದರು. ಬಾಗಿಲ ಬಳಿ ಕಜ್ಜಾಯದ ಹಿಟ್ಟು ನಾದುತ್ತಿದ್ದ ಅವ್ವನಿಗಾದರೂ ಇದರ ಘನತೆ ತಿಳಿಯಲಿ ಎಂದು ದನಿ ಏರಿಸಿ ಹೇಳತೊಡಗಿದರು. ಇಷ್ಟು ವರ್ಷ ಇಟ್ಟರೆ ಪೀಪಾಯಿ ಪೂರ್ತಿ ಉಳಿಯುವುದಿಲ್ಲ, ವರ್ಷ ವರ್ಷ ಒಂದಿಷ್ಟು ಇಳಿಯುತ್ತ ಹೋಗುತ್ತದೆ, ಅದಕ್ಕೆ ಅಲ್ಲಿಯವರು ದೇವತೆಗಳ ಪಾಲು ಅನ್ನುತ್ತಾರೆ.

"ಅಂಗಾದ್ರೆ ಮೊದ್ಲು ಕುಡುದೋರು ಅವ್ರೇ ಅನ್ನಿ" ಅಂದಳು ಅವ್ವ.

"ಊಂ ಅತ್ತೆ. ಅರ್ಧುಕ್ಕಿಂತ ಜಾಸ್ತಿ ಅವ್ರೇ ಕುಡುದವ್ರೆ. ಮಿಕ್ಕಿದ್ದು ಇದು." ಭಾವನ ದನಿಯಲ್ಲಿ ಹೆಮ್ಮೆಯೋ ಹೆಮ್ಮೆ. ಅವ್ವ ಮತ್ತೆ ಹಿಟ್ಟು ನಾದತೊಡಗಿದಳು.

ಮಾರನೆಯ ದಿನ ಎಲೆ ಹಾಸಿ, ಮುದ್ದೆ, ಮಾಂಸದ ಸಾರು, ಕಜ್ಜಾಯ, ಬೀಡಿ ಕಟ್ಟು, ಎಲೆ ಅಡಿಕೆ ಎಲ್ಲ ಇಟ್ಟೆವು. ಅಪ್ಪನ ಹೊಸ ಪಂಚೆಯ ಪಕ್ಕ ಭಾವ ತಮ್ಮ ಬಾಟಲಿ ತಂದು ಇಟ್ಟರು. ಅವ್ವ ಅದನ್ನು ಎರಡೂ ಕೈಯಲ್ಲಿ ಮರ್ಯಾದೆಯಿಂದ ಎತ್ತಿ ಹೊಸಿಲಿನಾಚೆ ಇಟ್ಟು ಬಂದಳು. ದೇವತೆಗಳ ಎಂಜಲು ಎಡೆಗೆ ಬರುವುದಿಲ್ಲ ಎಂದಳು. ಭಾವ ತಬ್ಬಿಬ್ಬಾದರು. ಹಿಂದಿನ ಸಂಜೆ ಅಷ್ಟು ವಿಸ್ಕಿ ಕುಡಿಸಿದ್ದ ದೇವತೆಗಳನ್ನೆಲ್ಲ ತಾವೇ ಓಡಿಸಲು ನಿಂತರು. "ಅದು ಸುಮ್ನೆ ಮಾತಿಗೆ ಅನ್ನದು ಅತ್ತೆ. ಆವಿ ಆಗೋಯ್ತದೆ ಅಷ್ಟೆಯ. ಯಾವ ದ್ಯಾವ್ರೂ ಬಂದು ಕುಡಿಯಾಕಿಲ್ಲ."

ಅವ್ವ ಧೂಪಕ್ಕೆ ಕೆಂಡ ಸರಿ ಮಾಡುತ್ತಿದ್ದಳು. ತಲೆ ಎತ್ತಲಿಲ್ಲ. "ನಿಮ್ಮಾವ ಬಾಯ್ಬುಟ್ಟು ಕೇಳುದ್ರಲ್ಲ, ಅವತ್ತು ಕೊಟ್ಟಿದ್ರೆ ಎಂಜ್ಲಾಗಿದ್ರೂ ಕುಡೀತಿದ್ರು. ಈಗ ಬ್ಯಾಡಿ, ಬುಡಿ."

ಅಕ್ಕ ಗಂಡನ ಮುಖ ನೋಡದೆ ಒಳಗೆ ಹೋದಳು. ನನಗೆ ಒಳಗೊಳಗೇ ಖುಷಿಯಾಯಿತು. ಕಿಕ್ಕೇರಿಯ ಬ್ರಾಂದಿ ಅಂಗಡಿಯಿಂದ ನಾನು ತಂದಿದ್ದ ಪ್ಯಾಕೆಟ್ಟನ್ನು ಅವ್ವನೇ ಕತ್ತರಿಸಿ, ಅಪ್ಪನ ಸ್ಟೀಲ್ ಲೋಟಕ್ಕೆ ಸುರಿದು, ಅವನಿಗೆ ಬೇಕಾದಷ್ಟೇ ನೀರು ಬೆರೆಸಿ ಇಟ್ಟಳು. ದೀಪ ಹಚ್ಚಿ, ಧೂಪ ಹಾಕಿ, ಹಿರಿಯರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕುಳಿತೆವು. ಭಾವ ತಮ್ಮ ಬಾಟಲಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದರು. ಅವ್ವ ಬಾಗಿಲನ್ನೇ ನೋಡುತ್ತಿದ್ದಳು.

ಬಾಗಿಲು ತಟ್ಟಿ ತೆರೆದಾಗ ಅವಳೇ ಮೊದಲು ಒಳಗೆ ಹೋದಳು. ಕೋಣೆ ದೀಪದ ಕಾವಿಗೆ ಬಿಸಿಯಾಗಿತ್ತು, ಹೊಗೆ ತುಂಬಿತ್ತು. ಅವ್ವ ಕುಕ್ಕರಗಾಲಲ್ಲಿ ಕುಳಿತು ಲೋಟವನ್ನು ಬಗ್ಗಿ ನೋಡಿದಳು, ಬಹಳ ಹೊತ್ತು ನೋಡಿದಳು. ನಾನೂ ನೋಡಿದೆ. ಇಳಿದಿತ್ತೋ ಇಲ್ಲವೋ ನನಗೆ ಗೊತ್ತಾಗಲಿಲ್ಲ. ಅವ್ವ ನನ್ನನ್ನು ಕೇಳಲಿಲ್ಲ. ಹಿಂದೆ ನಿಂತಿದ್ದ ಭಾವನ ಕಡೆ ತಿರುಗಿದಳು.

"ನಿಮ್ಗೆ ಇದೆಲ್ಲ ತಿಳೀತದೆ. ನೋಡಿ, ಇಳುದಿಲ್ವಾ?"

ಆವಿಯ ಪಾಠ ಈಗ ಶುರುವಾಗುತ್ತದೆ ಎಂದುಕೊಂಡೆ. ಭಾವ ಬಾಟಲಿ ಕೆಳಗಿಟ್ಟು, ಅವ್ವನ ಪಕ್ಕ ಮಂಡಿಯೂರಿ, ಆ ಸ್ಟೀಲ್ ಲೋಟದೊಳಗೆ ಕಣ್ಣಿಟ್ಟು ನೋಡಿದರು.

"ಇಳುದದೆ ಅತ್ತೆ" ಎಂದರು. "ಚೆನ್ನಾಗೇ ಇಳುದದೆ."

ಅವ್ವ ಸೆರಗನ್ನು ಕಣ್ಣಿಗೆ ಒತ್ತಿಕೊಂಡಳು. ಭಾವ ಈವರೆಗೆ ಕೊಟ್ಟಿರುವ ತೀರ್ಪುಗಳಲ್ಲಿ ನಾನು ಒಪ್ಪಿರುವುದು ಅದೊಂದನ್ನೇ.