ಹನ್ನೆರಡು ಕಾವಲಿನ ದೇಶ

‘ಕಾವಲು: ಹನ್ನೆರಡು.’ ನನ್ನ ದೇಶದ ವಿವರಪಟ್ಟಿಯ ಏಳನೆಯ ಸಾಲಿನಲ್ಲಿದ್ದ ಈ ಎರಡು ಪದಗಳೇ ಅದನ್ನು ನಾಲ್ಕು ವರ್ಷ ಕಾಪಾಡಿದವು.

ದೇಶವೆಂದರೆ ಅಂತರ್ಜಾಲದ್ದು. ಕಾಲೇಜಿನ ದಿನಗಳಲ್ಲಿ ನಾವು ಹದಿನಾಲ್ಕು ಮಂದಿ ಫೋನಿನ ಗುಂಪೊಂದರಲ್ಲಿ ತಲಾ ಒಂದು ಕಲ್ಪಿತ ರಾಷ್ಟ್ರವನ್ನು ಆಳುತ್ತಿದ್ದೆವು. ಕಡೂರಿನ ಬಸ್ಸಿನಲ್ಲಿ ಕಿಟಕಿಯ ಸೀಟು ಗೆಲ್ಲಲಾರದವರು ಖಂಡಗಳನ್ನು ಗೆದ್ದರು. ಮನೆಯಲ್ಲಿ ಉಂಡ ತಟ್ಟೆ ಎತ್ತದವರು ಪ್ರಜಾಕ್ಷೇಮದ ಘೋಷಣೆ ಹೊರಡಿಸಿದರು. ಆಟ ನಡೆಸುವವಳು ನಾನು. ಯಾರ ಸೈನ್ಯ ಸೋತಿತು, ಯಾರ ಹಡಗು ಮುಳುಗಿತು ಎಂದು ತೀರ್ಪು ಕೊಡುತ್ತಿದ್ದೆ. ಅಜ್ಜಂಪುರದಲ್ಲಿ ಬೆಳೆದು ಸಮುದ್ರವನ್ನೇ ಕಾಣದವಳ ನೌಕಾಜ್ಞಾನವನ್ನು ಯಾರೂ ಪ್ರಶ್ನಿಸಲಿಲ್ಲವೆಂಬುದೇ ಆ ಚಕ್ರವರ್ತಿಗಳ ವಿದ್ವತ್ತಿಗೆ ಸಾಕ್ಷಿ. ಆದರೂ ಒಪ್ಪಬೇಕು, ಪರೀಕ್ಷೆಯಲ್ಲಿ ಎರಡು ವಾಕ್ಯ ಬರೆಯಲು ತಿಣುಕುತ್ತಿದ್ದ ಅವರು ಸಂಧಾನಪತ್ರಗಳಲ್ಲಿ ಬರೆದಷ್ಟು ಸೊಗಸಾದ ಕನ್ನಡವನ್ನು ನಾನು ಆಮೇಲೆ ಹೆಚ್ಚು ಓದಿಲ್ಲ.

ನನಗೂ ಒಂದು ಪುಟ್ಟ ದೇಶವಿತ್ತು. ಎಮ್ಮೆದೊಡ್ಡಿಯ ನಮ್ಮಜ್ಜಿಗೆ ಕಾವಲೆಂದರೆ ದನ ಮೇಯುವ ಬಯಲು. ಅದನ್ನು ನೆನೆದೇ ಹನ್ನೆರಡು ಕಾವಲು ಎಂದು ಬರೆದಿದ್ದೆ. ನೆರೆರಾಜ್ಯದ ಚಕ್ರವರ್ತಿ, ತರೀಕೆರೆಯ ಮಂಜುನಾಥ, ಅದನ್ನು ಹನ್ನೆರಡು ಕಾವಲುಪಡೆಗಳೆಂದು ಓದಿಕೊಂಡ. ಅವನಿಗೆ ಗೊತ್ತಿಲ್ಲದ ಪದವೇನಲ್ಲ. ಆದರೆ ಕಿರೀಟ ಹೊತ್ತ ತಲೆಗೆ ಹುಲ್ಲೂ ಈಟಿಯಂತೆ ಕಾಣುತ್ತದೆ. ಸುತ್ತಲಿನವರನ್ನೆಲ್ಲ ಕಬಳಿಸಿದವನು ನನ್ನ ಗಡಿಗೆ ಮಾತ್ರ ಹಬ್ಬಹಬ್ಬಕ್ಕೂ ರಾಯಭಾರಿಯನ್ನು ಕಳಿಸಿದ. ತೀರ್ಪು ಕೊಡಬೇಕಾದವಳು ಅವನ ತಪ್ಪನ್ನು ತಿದ್ದಲಿಲ್ಲ.

ಮೊನ್ನೆ ಸಂಜೆ ಬೀರೂರಿನ ಬಸ್‌ಸ್ಟ್ಯಾಂಡಿನಲ್ಲಿ ತರೀಕೆರೆಯ ಚಕ್ರವರ್ತಿಗಳು ಸಿಕ್ಕರು, ಕೈಯಲ್ಲಿ ಈರುಳ್ಳಿಯ ಚೀಲ.

“ಮತ್ತೆ ಶುರು ಮಾಡೋಣ ಕಣ್ರೀ. ನಡ್ಸೋರು ನೀವೇ ಆಗ್ಬೇಕು. ಆ ಆಟದಲ್ಲಿ ಮೋಸ ಮಾಡ್ದೇ ಇದ್ದೋರು ನೀವೊಬ್ರೇ.”

“ಹಂಗೇನಿಲ್ಲ,” ಎಂದೆ.

“ಇದೆ ಬಿಡ್ರೀ. ನಿಮ್ ಹನ್ನೆರಡು ಕಾವಲು ನೆನೆಸ್ಕೊಂಡ್ರೆ ಇವತ್ತೂ ದಿಗಿಲಾಯ್ತದೆ.”

ಅಜ್ಜಂಪುರದ ಬಸ್ಸು ಬಂದು ನನ್ನನ್ನು ಉಳಿಸಿತು. ಕಿಟಕಿಯ ಪಕ್ಕ ಕೂತು ಅವನನ್ನು ಗೇಲಿ ಮಾಡಲು ಮಾತು ಹುಡುಕಿದೆ, ಸಿಗಲಿಲ್ಲ. ಅವರೆಲ್ಲ ಡಂಗುರ ಸಾರಿ ಸುಳ್ಳು ಹೇಳಿದವರು. ನಾನು ನ್ಯಾಯಪೀಠದಲ್ಲಿ ಕೂತು, ಒಂದು ಪದದ ಮರೆಯಲ್ಲಿ, ಅದೇ ಕೆಲಸವನ್ನು ಸದ್ದಿಲ್ಲದೆ ಮಾಡಿದ್ದೆ.

ಮರುದಿನ ಬೆಳಿಗ್ಗೆ, ಕಾಫಿ ಆರುವ ಮುಂಚೆ, ಹಳೆಯ ಗುಂಪನ್ನು ತೆರೆದು ಏಳನೆಯ ಸಾಲನ್ನು ತಿದ್ದಿ ಹಾಕಿದೆ: ‘ಕಾವಲು: ಹನ್ನೆರಡು. ಸೈನಿಕರಿಲ್ಲ, ದನ ಮೇಯುತ್ತಿವೆ.’ ಅದರ ಕೆಳಗೆ, ತರೀಕೆರೆಯವರಿಗೆ ಯುದ್ಧ ಸಾರುವ ಹಕ್ಕಿದೆ ಎಂದು ತೀರ್ಪು ಬರೆದೆ.